ಕನ್ನಡದಲ್ಲಿ ಕೊಟ್ಟ ಅಂಕ

ಕಳೆದ ಅಕ್ಟೋಬರಿನಲ್ಲಿ ನಾನು ಹಿಂದೆ ಪಾಠ ಮಾಡಿದ್ದ ಗುರುಗ್ರಾಮದಾಚೆಯ ವಿಶ್ವವಿದ್ಯಾಲಯಕ್ಕೆ ಪರೀಕ್ಷೆಯ ಕೆಲಸಕ್ಕೆಂದು ಹೋಗಿದ್ದೆ. ಕ್ಯಾಬ್ ಇಳಿದು ಗೇಟಿನೊಳಗೆ ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಹಾಲೆ ಮರದ ಹೂವಿನ ಘಾಟು ಮೂಗಿಗೆ ಬಡಿಯಿತು. ದೆಹಲಿಯವರು ಇದನ್ನು ಸಪ್ತಪರ್ಣಿ ಎನ್ನುತ್ತಾರೆ. ಇದರ ವಾಸನೆ ಬಂತೆಂದರೆ ಚಳಿಗಾಲ ಹತ್ತಿರವಾಯಿತು ಎಂದು ಹಿಗ್ಗುತ್ತಾರೆ. ನನಗೆ ಮೊದಲು ಸೀನು ಬರುತ್ತದೆ, ಆಮೇಲೆ ಭಯವಾಗುತ್ತದೆ. ತಪ್ಪು ಮರದ್ದಲ್ಲ. ಮೂರು ವರ್ಷದ ಹಿಂದೆ ಇದೇ ಮರದ ಪಕ್ಕದ ತರಗತಿಯಲ್ಲಿ ಕೂತು ನಾನು ಆಡಿದ ಮಾತುಗಳದ್ದು.

ಆ ವರ್ಷ ನಾನು ಮೈಸೂರು ಬಿಟ್ಟು ದೆಹಲಿಗೆ ಹೊಸದಾಗಿ ಬಂದಿದ್ದೆ. ಸಂಖ್ಯಾಶಾಸ್ತ್ರದ ಮೇಷ್ಟ್ರು, ಕೆಲಸ ಒಂದು ವರ್ಷದ ಗುತ್ತಿಗೆ. ಲೋಧಿ ಕಾಲೋನಿಯಲ್ಲಿ ಭಾವನಿಗೆ ಸರ್ಕಾರಿ ಕ್ವಾರ್ಟರ್ಸ್ ಇತ್ತು. ಅದರ ಮುಂದಿನ ಕೋಣೆ ನನ್ನದು. ಬೆಳಿಗ್ಗೆ ಜೋರ್ ಬಾಗ್‌ನಲ್ಲಿ ಮೆಟ್ರೋ ಹತ್ತಿ ಗುರುಗ್ರಾಮದಲ್ಲಿ ಇಳಿದು, ಅಲ್ಲಿಂದ ವಿಶ್ವವಿದ್ಯಾಲಯದ ಬಸ್ಸು. ಹೆಂಡತಿ ಸುಮಾ ಇನ್ನೂ ಮೈಸೂರಿನಲ್ಲೇ ಇದ್ದಳು. ನನ್ನ ಗುತ್ತಿಗೆ ಮುಂದುವರಿದರೆ ಬ್ಯಾಂಕಿನ ಕೆಲಸ ಬಿಟ್ಟು ಬರುವುದು, ಇಲ್ಲದಿದ್ದರೆ ನಾನೇ ಗಂಟುಮೂಟೆ ಕಟ್ಟಿಕೊಂಡು ವಾಪಸು ಹೋಗುವುದು ಎಂದು ಮಾತಾಗಿತ್ತು. ರಾಜೀನಾಮೆ ಪತ್ರವನ್ನು ಬರೆದು, ತಾರೀಖು ಮಾತ್ರ ಹಾಕದೆ ಬೀರುವಿನಲ್ಲಿ ಇಟ್ಟುಕೊಂಡಿದ್ದಳು. ಪ್ರತಿ ಭಾನುವಾರ ಫೋನಿನಲ್ಲಿ ಊಟ ಆಯ್ತಾ ಎಂದು ಕೇಳಿದ ಮೇಲೆ ಎರಡನೆಯ ಪ್ರಶ್ನೆ ಅದೇ: "ತಾರೀಖು ಹಾಕ್ಲಾ?"

ಹಾಕಬೇಕೋ ಬೇಡವೋ ಎಂಬುದು ಎರಡು ವಿಷಯಗಳ ಮೇಲೆ ನಿಂತಿತ್ತು. ಒಂದು, ವಿದ್ಯಾರ್ಥಿಗಳು ಮೇಷ್ಟ್ರ ಬಗ್ಗೆ ಬರೆದುಕೊಡುವ ಅಭಿಪ್ರಾಯ. ಇನ್ನೊಂದು, ಡೀನ್ ಸಾಹೇಬರು ಒಂದು ದಿನ ತರಗತಿಗೆ ಬಂದು ಕೂತು ತುಂಬುವ ಫಾರ್ಮು.

ನನ್ನನ್ನು ಹಾಕಿದ್ದು ಆನರ್ಸ್ ವಿಭಾಗಕ್ಕೆ. ಇಡೀ ವಿಶ್ವವಿದ್ಯಾಲಯದಿಂದ ಸೋಸಿ ತೆಗೆದ ಹದಿನಾರು ಬುದ್ಧಿವಂತ ಮಕ್ಕಳು. ಅಲ್ಲಿನ ಪದ್ಧತಿ ಏನೆಂದರೆ ಪ್ರತಿ ಕೋರ್ಸಿಗೂ ಬೇರೆ ಬೇರೆ ವಿಷಯದ ಇಬ್ಬರು ಮೇಷ್ಟ್ರು. ಇಬ್ಬರೂ ಒಟ್ಟಿಗೇ ತರಗತಿಯಲ್ಲಿ ಇರಬೇಕು, ಒಟ್ಟಿಗೇ ಪಾಠ ಮಾಡಬೇಕು. ವಿದ್ಯಾರ್ಥಿ ಎದ್ದು ನಿಂತು ಇಪ್ಪತ್ತು ನಿಮಿಷ ವಿಷಯ ಮಂಡಿಸಿದರೆ ಇಬ್ಬರೂ ಒಪ್ಪಿ ಒಂದೇ ಗ್ರೇಡ್ ಕೊಡಬೇಕು, ಅದನ್ನು ತರಗತಿ ಮುಗಿಯುವುದರೊಳಗೆ ಕಂಪ್ಯೂಟರಿಗೆ ಏರಿಸಬೇಕು. ಒಪ್ಪಿಗೆಯಾಗದಿದ್ದರೆ 'ಬಾಕಿ' ಎಂದು ತೋರಿಸಿ ಸೆಮಿಸ್ಟರ್ ಮುಗಿಯುವ ಮುಂಚೆ ಇತ್ಯರ್ಥ ಮಾಡಬೇಕು. ಈ ಪದ್ಧತಿ ಮಾಡಿದ ಪುಣ್ಯಾತ್ಮನಿಗೆ ಕೂಡು ಕುಟುಂಬದ ಅನುಭವ ಇರಲಿಕ್ಕಿಲ್ಲ.

ನಮ್ಮ ಕೋರ್ಸಿನ ಹೆಸರು 'ಎಣಿಕೆ ಮತ್ತು ನೆನಪು'. ಎಣಿಕೆ ನನ್ನದು. ನೆನಪು ಚರಿತ್ರೆ ವಿಭಾಗದ ಮುಮ್ತಾಜ್ ಮೇಡಂ ಅವರದು. ಮೊದಲ ದಿನ ಅವರು ನನ್ನ ಗುರುತಿನ ಚೀಟಿ ಹಿಡಿದು ನೋಡಿದರು. 'ಗಿರೀಶ ಸಿ. ಆರ್.' ಎಂದಿತ್ತು. ದೆಹಲಿಯಲ್ಲಿ ಎಲ್ಲರೂ ಸಿ. ಆರ್. ಎಂದರೆ ಯಾವ ಮನೆತನ ಎಂದು ಕೇಳುತ್ತಿದ್ದರು. ಆಫೀಸಿನವರಂತೂ 'ಮಿಸ್ಟರ್ ಸೀಯಾರ್' ಎಂದೇ ಕರೆಯುತ್ತಿದ್ದರು. ಮೇಡಂ ಮಾತ್ರ ಕನ್ನಡಕ ಏರಿಸಿ, "ಹೆಸರಿನ ಹಿಂದ ಎರಡು ಬಾಲ ಅಂದ್ರ ನಮ್ಮವರ ಇರಬೇಕು. ಯಾವೂರು?" ಎಂದರು.

"ಚನ್ನರಾಯಪಟ್ಟಣ, ಮೇಡಂ. ನೀವು?"

"ಗದಗ. ಇಲ್ಲಿಗೆ ಬಂದು ಮೂವತ್ತು ವರ್ಷಾತು. ನಾಲಿಗಿ ಇನ್ನೂ ಅಲ್ಲೇ ಐತಿ."

ನಿಜ. ಅವರ ಬಾಯಲ್ಲಿ ಇಂಗ್ಲಿಷು ಪುಸ್ತಕ ಓದಿದ ಹಾಗೆ ಬರುತ್ತಿತ್ತು, ಹಿಂದಿ ನೀರು ಕುಡಿದ ಹಾಗೆ. ಆದರೆ ಸಿಟ್ಟು ಬಂದರೆ ಗದಗೇ ಗತಿ. ಮಧ್ಯಾಹ್ನ ಕಟಿಕಟಿ ರೊಟ್ಟಿ, ಶೇಂಗಾ ಚಟ್ನಿ ತೆಗೆದು ಅರ್ಧ ನನಗೆ ಕೊಡುತ್ತಿದ್ದರು. ಸಿಹಿ ಮಾತು ಮಾತ್ರ ಕೊಡುತ್ತಿರಲಿಲ್ಲ.

ಆಗಸ್ಟಿನಲ್ಲಿ ಮೊದಲು ವಿಷಯ ಮಂಡಿಸಿದವನು ಕಬೀರ್ ಎಂಬ ಹುಡುಗ. ಇಪ್ಪತ್ತು ನಿಮಿಷ ಕೈ ಬೀಸಿ ಬೀಸಿ ಮಾತಾಡಿ, ಬೆವರು ಒರೆಸಿಕೊಂಡು ಕೂತ. ಮೇಡಂ ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದರು: "ಏನ್ ಹೇಳಿದ್ನ್ರೀ ಇಂವ?"

"ನಂಗೂ ಗೊತ್ತಾಗ್ಲಿಲ್ಲ ಮೇಡಂ. ಬರೀ ಒಗ್ಗರಣೆ, ಒಳಗೆ ಸಾರೇ ಇಲ್ಲ. ಬಿ ಕೊಡೋಣ."

"ಬಿ? ಎಷ್ಟ್ ಬಿಗಿ ಅದೀರಿ! ಹುಡುಗ ಹೆಂಗ ಬೆವತಾನ ನೋಡ್ರಿ. ಎ ಮೈನಸ್ ಕೊಡ್ರಿ. ನಿಮ್ಮ ಅಪ್ಪನ ಗಂಟೇನು ಹೋಗತೈತಿ?"

"ಎ ಮೈನಸ್ ಕೊಟ್ರೆ ನಾಳೆ ಇನ್ನೂ ಹತ್ತು ನಿಮಿಷ ಜಾಸ್ತಿ ಮಾತಾಡ್ತಾನೆ."

ಕೊನೆಗೆ ಬಿ ಪ್ಲಸ್‌ಗೆ ರಾಜಿಯಾಯಿತು. ಕಬೀರ್ ಎದುರಿಗೇ ಕೂತು ನಗುಮುಖದಿಂದ ನಮ್ಮಿಬ್ಬರನ್ನೂ ನೋಡುತ್ತಿದ್ದ. ಆ ದಿನ ನಮಗೊಂದು ಜ್ಞಾನೋದಯವಾಯಿತು. ದೆಹಲಿಯಲ್ಲಿ ಕನ್ನಡವೆಂದರೆ ಬಾಗಿಲು ಹಾಕಿದ ಕೋಣೆ. ಒಳಗೆ ಏನು ಬೇಕಾದರೂ ಮಾತಾಡಬಹುದು!

ಸೆಪ್ಟೆಂಬರ್ ಹೊತ್ತಿಗೆ ಮೆಲುದನಿ ಬಿಟ್ಟೆವು. ಅಕ್ಟೋಬರ್ ಹೊತ್ತಿಗೆ ನಾಚಿಕೆಯನ್ನೂ ಬಿಟ್ಟೆವು. ಹದಿನಾರು ಜನಕ್ಕೂ ನಾನು ಒಂದೊಂದು ಅಡ್ಡಹೆಸರು ಇಟ್ಟಿದ್ದೆ. ಕಬೀರ್ 'ಒಗ್ಗರಣೆ'. ಎಲ್ಲದಕ್ಕೂ ಕೈ ಎತ್ತುವ ಹುಡುಗಿ 'ಅಲಾರಂ'. ಕೊನೆಯ ಬೆಂಚಿನ ಮೂಲೆಯಲ್ಲಿ ಕೂತು, ಬಾಯಿಯೇ ಬಿಡದ ಪ್ರೇರಣಾ ಎಂಬ ಹುಡುಗಿ 'ಭರಣಿ'. ಉಪ್ಪಿನಕಾಯಿ ಹಾಕಿ ಬಾಯಿಗೆ ಬಟ್ಟೆ ಕಟ್ಟಿಟ್ಟ ಭರಣಿ. "ಮೇಡಂ, ಭರಣಿ ಇವತ್ತೂ ಮುಚ್ಚಳ ತೆಗೀಲಿಲ್ಲ" ಎಂದು ಪಾಠದ ನಡುವೆಯೇ ಗಟ್ಟಿಯಾಗಿ ಹೇಳುತ್ತಿದ್ದೆ. ಮೇಡಂ, "ನಿಮ್ಮ ಮುಚ್ಚಳ ಸ್ವಲ್ಪ ಹಾಕ್ರಿ, ಪುಣ್ಯಾ ಬರತೈತಿ" ಎನ್ನುತ್ತಿದ್ದರು.

ಮಕ್ಕಳಿಗೆ ಇದೆಲ್ಲ ಬಹಳ ಹಿಡಿಸಿತ್ತು. ಸೆಮಿಸ್ಟರಿನ ನಡುವೆ ಬರೆದುಕೊಟ್ಟ ಅಭಿಪ್ರಾಯದಲ್ಲಿ ಒಬ್ಬರು, 'ಇಬ್ಬರು ಅಧ್ಯಾಪಕರೂ ತಮ್ಮ ಪ್ರಾಚೀನ ಭಾಷೆಯಲ್ಲಿ ವಾದ ಮಾಡುವಾಗ ನಿಜವಾದ ವಿದ್ವತ್ತು ಹೇಗಿರುತ್ತದೆಂದು ತಿಳಿಯುತ್ತದೆ' ಎಂದು ಬರೆದಿದ್ದರು. ಅವತ್ತು ನಾವು ವಾದ ಮಾಡಿದ್ದು ಫ್ಯಾನು ಹಾಕುವುದೋ ಬೇಡವೋ ಎಂಬುದರ ಮೇಲೆ.

ಈಗ ಯೋಚಿಸಿದರೆ ಸುಳಿವುಗಳಿಗೇನೂ ಬರವಿರಲಿಲ್ಲ. ಹಾಜರಿ ಪಟ್ಟಿಯಲ್ಲಿ ಆ ಹುಡುಗಿಯ ಹೆಸರು 'ಪ್ರೇರಣಾ ಎಚ್. ಎಂ.' ಎಂದಿತ್ತು, ನನ್ನ ಹೆಸರಿಗಿದ್ದಂಥದೇ ಎರಡು ಬಾಲ. ಮನೆ ವಿಳಾಸ ಗಾಜಿಯಾಬಾದಿನ ಇಂದಿರಾಪುರಂ, ಗೆಳತಿಯರ ಜೊತೆ ಆಡುವುದು ಅಪ್ಪಟ ದೆಹಲಿ ಹಿಂದಿ. ಅಷ್ಟು ನೋಡಿ ನಾನು ಮುಂದಕ್ಕೆ ಹೋಗಿದ್ದೆ. ಇನ್ನೊಂದು ಸುಳಿವು: ನಾವು ಕನ್ನಡ ಶುರು ಮಾಡಿದ ಕೂಡಲೇ ಅವಳಿಗೆ ಕೆಮ್ಮು ಬರುತ್ತಿತ್ತು. ಎಲ್ಲರಿಗಿಂತ ಮುಂಚೆ ಮಾಸ್ಕ್ ಹಾಕಿಕೊಂಡು ಬರತೊಡಗಿದಳು. ದೆಹಲಿಯ ಹೊಗೆ, ಪಾಪ, ಎಂದುಕೊಂಡೆ. ಅಂಕಿ ಅಂಶಗಳಿಂದ ಸತ್ಯ ಕಂಡುಹಿಡಿಯುವುದು ಹೇಗೆ ಎಂದು ವಾರಕ್ಕೆ ಮೂರು ದಿನ ಪಾಠ ಮಾಡುತ್ತಿದ್ದವನು ನಾನೇ.

ಹಾಲೆ ಮರ ಪೂರ್ತಿ ಹೂ ಬಿಟ್ಟು, ಕಿಟಕಿ ತೆಗೆದರೆ ತಲೆ ಸುತ್ತುವಂಥ ದಿನಗಳಲ್ಲಿ ಅವಳ ಸರದಿ ಬಂತು. ಅವಳ ವಿಷಯ ಒಳ್ಳೆಯದೇ ಇತ್ತು. ಅವರ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಒಂದು ರಿಜಿಸ್ಟರ್ ಇದೆ. ಮನೆಕೆಲಸದವರು, ಡೆಲಿವರಿಯವರು, ಪ್ಲಂಬರುಗಳು ದಿನಾ ಅದರಲ್ಲಿ ಹೆಸರು ಬರೆದು ಒಳಗೆ ಬರುತ್ತಾರೆ. ಅಲ್ಲಿ ವಾಸ ಮಾಡುವವರ ಪಟ್ಟಿಯಲ್ಲಿ ಮಾತ್ರ ಅವರ್‍ಯಾರೂ ಇಲ್ಲ. ಹಾಗಾದರೆ ಆ ಅಪಾರ್ಟ್‌ಮೆಂಟಿನಲ್ಲಿ ಇರುವವರು ಎಷ್ಟು ಜನ? ಇಷ್ಟು ಹೇಳುವಷ್ಟರಲ್ಲಿ ಅವಳ ಮಾತು ತೊದಲಿತು. ಕೈಯಲ್ಲಿದ್ದ ಕಾಗದಗಳನ್ನು ತಿರುವಿದಳು, ನಮ್ಮ ಕಡೆ ನೋಡಿದಳು, ಆರನೆಯ ನಿಮಿಷಕ್ಕೆ "ಥ್ಯಾಂಕ್ಯೂ" ಎಂದು ಹೋಗಿ ಕೂತುಬಿಟ್ಟಳು.

ನಾನು ಗಟ್ಟಿಯಾಗಿ, ಪೂರ್ತಿ ಗಟ್ಟಿಯಾಗಿ ಹೇಳಿದೆ: "ಆರು ನಿಮಿಷ, ಮೇಡಂ! ಈ ಭರಣಿ ಒಳಗೆ ಉಪ್ಪಿನಕಾಯೇ ಇಲ್ಲ ಅನ್ಸತ್ತೆ. ಇವಳನ್ನ ಆನರ್ಸ್‌ಗೆ ತಗೊಂಡಿದ್ದೇ ತಪ್ಪು. ಸಿ ಕೊಟ್ಟು ಮುಗಿಸೋಣ."

"ಸುಮ್ನಿರ್ರಿ. ಕೂಸಿನ ಮಾರಿ ಬಿಳಚೈತಿ. ಮೈಯಾಗ ಆರಾಮಿಲ್ಲೋ ಏನೋ."

"ಮೈಯಲ್ಲಿ ಆರಾಮಾಗೇ ಇದೆ. ತಲೇಲೇ ಏನೂ ಇಲ್ಲ."

ಮೇಡಂ ಸಿ ಕೊಡಲು ಒಪ್ಪಲಿಲ್ಲ, ನಾನು ಬೇರೆ ಕೊಡಲು ಒಪ್ಪಲಿಲ್ಲ. ಹದಿನಾರು ಜನರಲ್ಲಿ ಅವಳೊಬ್ಬಳ ಹೆಸರಿನ ಮುಂದೆ 'ಬಾಕಿ' ಎಂದು ಉಳಿಯಿತು.

ನವೆಂಬರ್ ಮೊದಲ ವಾರ ಡೀನ್ ಭಾಟಿಯಾ ಸಾಹೇಬರು ನಮ್ಮ ತರಗತಿಗೆ ಬರುತ್ತಾರೆಂದು ತಿಳಿಯಿತು. ಹೊಗೆ ಎಷ್ಟಿತ್ತೆಂದರೆ ಕಿಟಕಿಯಿಂದ ಹಾಲೆ ಮರವೇ ಕಾಣುತ್ತಿರಲಿಲ್ಲ, ವಾಸನೆಯಿಂದ ಮಾತ್ರ ಅಲ್ಲೇ ಇದೆಯೆಂದು ಗೊತ್ತಾಗುತ್ತಿತ್ತು. ನಾನೂ ಮೇಡಮ್ಮೂ ಸೇರಿ ಒಂದೇ ಪಾಠಕ್ಕೆ ಸ್ಲೈಡುಗಳನ್ನು ಮಾಡಿದ್ದೆವು. ಇಬ್ಬರೂ ನಮ್ಮ ನಮ್ಮ ಮನೆಯಿಂದಲೇ ತಿದ್ದಬಹುದಾದ ಏರ್ಪಾಡು. ಹಿಂದಿನ ಸಂಜೆ ನಾನು, ಹೊತ್ತು ಸಾಲುವುದಿಲ್ಲವೆಂದು, ಅವರ ಮೂರು ಹಳೆಯ ಚಿತ್ರಗಳನ್ನು ಹೇಳದೆ ಕೇಳದೆ ತೆಗೆದುಹಾಕಿದೆ. ಎರಡು ತಿಂಗಳು ದುಡಿದು ಮಾಡಿದ ನನ್ನ ಗ್ರಾಫ್ ಒಂದಿತ್ತು, ಅದಕ್ಕೆ ಜಾಗ ಬೇಕಿತ್ತು.

ಮರುದಿನ ಡೀನ್ ಮೂರನೆಯ ಬೆಂಚಿನಲ್ಲಿ ಫಾರ್ಮು ಹರಡಿಕೊಂಡು ಕೂತರು. ನಾನು ಗಂಟಲು ಸರಿಮಾಡಿಕೊಂಡು, "ಈಗ ಈ ಗ್ರಾಫ್ ನೋಡಿ" ಎಂದು ಗುಂಡಿ ಒತ್ತಿದೆ. ಗ್ರಾಫ್ ಇರಬೇಕಾದ ಜಾಗದಲ್ಲಿ 'ಧನ್ಯವಾದಗಳು' ಎಂಬ ಕೊನೆಯ ಸ್ಲೈಡು ಬಂದು ನಿಂತಿತು. ಮೇಡಂ ಕಡೆ ತಿರುಗಿದೆ. ಅವರು ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಡೀನ್ ನೋಡುತ್ತಿದ್ದುದರಿಂದ ಮುಖದಲ್ಲಿ ನಗು ಇಟ್ಟುಕೊಂಡೇ ಕನ್ನಡಕ್ಕೆ ಇಳಿದೆ.

"ಮೇಡಂ, ನನ್ನ ಗ್ರಾಫ್ ಎಲ್ಲಿ ಹೋಯ್ತು?"

ಅವರೂ ನಗುತ್ತಲೇ ಹೇಳಿದರು: "ನನ್ನ ಮೂರು ಚಿತ್ರ ಎಲ್ಲಿ ಹೋದ್ವೋ ಅಲ್ಲೇ ಹೋಗೈತಿ ನೋಡ್ರಿ."

"ನನ್ನ ಕೆಲಸ ಹೋಗತ್ತೆ ಮೇಡಂ! ಈಗ ಈ ದೊಡ್ಡ ಮನುಷ್ಯರಿಗೆ ಏನು ತೋರಿಸ್ಲಿ? ನಿಮ್ಮ ರೊಟ್ಟಿ ಡಬ್ಬೀನಾ?"

"ತೋರಸ್ರಿ. ಗ್ರಾಫ್ ಆದ್ರೇನು, ರೊಟ್ಟಿ ಆದ್ರೇನು, ಅವಂಗ ಎರಡೂ ತಿಳಿಯೂದಿಲ್ಲ. ಹೇಳದ ಕೇಳದ ತಗದ್ರ ಹೆಂಗನಸತೈತಿ ಅನ್ನೂದು ಈಗ ತಿಳೀತಿಲ್ಲೋ?"

ಡೀನ್ ಪೆನ್ನು ಕೆಳಗಿಟ್ಟರು. "ಚರ್ಚೆ ಬಹಳ ಬಿಸಿಯಾಗಿದೆ," ಎಂದರು ಇಂಗ್ಲಿಷಿನಲ್ಲಿ. "ಆದರೆ ವಿದ್ಯಾರ್ಥಿಗಳಿಗೆ ತಿಳಿಯದ ಭಾಷೆಯಲ್ಲಿ ನಡೆಯುತ್ತಿದೆಯಲ್ಲ? 'ಪಾಠ ಎಲ್ಲರಿಗೂ ಅರ್ಥವಾಗುತ್ತಿತ್ತೇ' ಎಂಬ ಕಾಲಮ್ಮಿನಲ್ಲಿ ನಾನು ಏನೆಂದು ಬರೆಯಲಿ?"

ಬೀರುವಿನಲ್ಲಿದ್ದ ಸುಮಾಳ ಪತ್ರ ಕಣ್ಣ ಮುಂದೆ ಬಂತು. ಆಗ ಕೊನೆಯ ಬೆಂಚಿನ ಮೂಲೆಯಿಂದ ಒಂದು ಕೈ ಮೇಲೆದ್ದಿತು. ಭರಣಿಯ ಕೈ. ಅವಳು ಮಾಸ್ಕನ್ನು ಕೆಳಗೆ ಎಳೆದುಕೊಂಡು ಎದ್ದು ನಿಂತಳು.

"ನನಗೆ ಅರ್ಥವಾಗುತ್ತದೆ ಸರ್," ಎಂದಳು. "ನಮ್ಮ ಮನೆಯಲ್ಲಿ ಮಾತಾಡುವುದು ಇದೇ ಭಾಷೆ. ಬೇಕಾದರೆ ಅನುವಾದ ಮಾಡುತ್ತೇನೆ."

ಮುಮ್ತಾಜ್ ಮೇಡಂ ಮೆಲ್ಲಗೆ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. ನಾನು ನಿಂತಲ್ಲೇ ಆಗಸ್ಟಿನಿಂದ ಇಲ್ಲಿಯವರೆಗೆ ಆಡಿದ ಮಾತನ್ನೆಲ್ಲ ಲೆಕ್ಕ ಹಾಕತೊಡಗಿದೆ. ಅಕ್ಟೋಬರಿಗೆ ಬಂದು ನಿಂತುಬಿಟ್ಟೆ.

"ಸರ್ ಕೇಳಿದ್ದು, ದಾಖಲೆಯಿಂದ ಒಂದು ಅಂಕಿ ಮಾಯವಾದರೆ ಅದು ಎಲ್ಲಿ ಹೋಗುತ್ತದೆ ಅಂತ," ಎಂದಳು ಪ್ರೇರಣಾ, ಒಂದಿಷ್ಟೂ ತಡವರಿಸದೆ. "ಅದಕ್ಕೆ ಮೇಡಂ, ಜನರ ಚಿತ್ರಗಳು ಎಲ್ಲಿ ಮಾಯವಾದವೋ ಅಂಕಿಯೂ ಅಲ್ಲಿಗೇ ಹೋಗುತ್ತದೆ ಅಂದರು. ಅಂದರೆ ನೆನಪನ್ನು ಅಳಿಸಿದರೆ ಎಣಿಕೆಯೂ ಉಳಿಯುವುದಿಲ್ಲ. ನಮ್ಮ ಕೋರ್ಸಿನ ಹೆಸರೂ ಅದೇ."

ಡೀನ್ ತಲೆದೂಗಿದರು. ಆಮೇಲೆ ಹುಬ್ಬೇರಿಸಿ, "ರೋಟಿ ಅಂದದ್ದು ನನಗೂ ಕೇಳಿಸಿತು. ಅದೇನು?" ಎಂದರು.

"ಅದು ಉದಾಹರಣೆ ಸರ್. ಗ್ರಾಫನ್ನು ಮೇಲಿಂದ ನೋಡುವವರಿಗೆ ಅದರ ಹಿಂದೆ ಯಾರ ರೊಟ್ಟಿ ಇದೆಯೆಂದು ತಿಳಿಯುವುದಿಲ್ಲ ಅಂತ. ಕೊನೆಗೆ ಮೇಡಂ ಹೇಳಿದ್ದು, ಯಾರನ್ನಾದರೂ ಹೇಳದೆ ಕೇಳದೆ ಪಟ್ಟಿಯಿಂದ ತೆಗೆದರೆ ಅವರಿಗೆ ಹೇಗನಿಸುತ್ತದೆ ಎಂದು ನಾವು ಯೋಚಿಸಬೇಕು ಅಂತ."

ಒಂದು ಮಾತೂ ಸುಳ್ಳಿರಲಿಲ್ಲ. ಒಂದೂ ನಿಜವಿರಲಿಲ್ಲ. "ಗ್ರಾಫಿನ ಜಾಗವನ್ನು ಬೇಕೆಂದೇ ಖಾಲಿ ಬಿಟ್ಟಿರೋ? ಅದ್ಭುತ!" ಎಂದ ಡೀನ್ ಸಾಹೇಬರು ಫಾರ್ಮಿನ ಹಿಂಬದಿಗೂ ಬರೆಯುತ್ತಾ ಹೋದರು.

ಅವರು ಹೋದ ಮೇಲೆ ಕ್ಯಾಂಟೀನಿನಲ್ಲಿ ಚಹಾ ಹಿಡಿದು ಕೂತೆವು. ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. "ಗಿರೀಶ, ಆ ಕೂಸಿನ ಗ್ರೇಡ್ ಇನ್ನೂ ಬಾಕಿ ಐತಿ."

"ಎ ಕೊಟ್ಟುಬಿಡೋಣ ಮೇಡಂ."

"ಯಾಕ? ಲಂಚ ಏನು?"

"ಹಾಗಾದ್ರೆ ಬಿ?"

"ಉಪಕಾರ ತಿಂದು ಕೈ ತೊಳಕೊಂಡಂಗ ಆತು. ಅಂಕ ಆಮ್ಯಾಲ. ಮೊದಲು ಕರದು ತಪ್ಪಾತು ಅನ್ರಿ."

ಕರೆಸಿದೆವು. ಮೇಡಂ ಕೋಣೆಯಲ್ಲಿ ಕುರ್ಚಿಯ ತುದಿಯಲ್ಲಿ ಕೂತಳು. ತಪ್ಪಾಯಿತು ಎನ್ನಲು ನಾನು ಬಾಯಿ ತೆಗೆದದ್ದು ಇಂಗ್ಲಿಷಿನಲ್ಲಿ. ಮೇಡಂ ಮೇಜಿನ ಕೆಳಗೆ ಕಾಲು ತುಳಿದರು. ಕನ್ನಡದಲ್ಲಿ ಹೇಳಿದೆ: "ಆವತ್ತು ನಾನು ಹಾಗೆಲ್ಲ ಅಂದಿದ್ದು ತಪ್ಪಮ್ಮ. ನಿನಗೆ ಗೊತ್ತಾಗಲ್ಲ ಅಂದ್ಕೊಂಡಿದ್ದೆ."

"ಗೊತ್ತಾಗದೆ ಇದ್ದಿದ್ರೆ ಅದು ಓಕೇನಾ ಸರ್?" ಎಂದಳು.

ನಾನು ನೀರಿನ ಲೋಟವನ್ನು ಅವಳ ಮುಂದೆ ಸರಿಸಿದೆ.

"ನೀ ಮೊದಲ ಯಾಕ ಹೇಳ್ಲಿಲ್ಲ ಅವ್ವಾ?" ಎಂದು ಮೇಡಂ ಕೇಳಿದರು.

"ಫಸ್ಟ್ ಫಸ್ಟ್ ಮಜಾ ಬರ್ತಿತ್ತು ಮ್ಯಾಮ್. ಒಗ್ಗರಣೆ, ಅಲಾರಂ... ಮಾಸ್ಕ್ ಒಳಗೆ ನಗ್ತಿದ್ದೆ. ಆಮೇಲೆ ಹೇಳೋಕೆ ಲೇಟ್ ಆಗೋಯ್ತು." ನನ್ನ ಕಡೆ ತಿರುಗಿದಳು. "ಆ ದಿನ ನಾನು ಪೂರಾ ಟ್ವೆಂಟಿ ಮಿನಿಟ್ಸ್ ತಯಾರಿ ಮಾಡಿದ್ದೆ ಸರ್. ಮಾತಾಡ್ತಾ ಇದ್ನಲ್ಲ, ಆಗ ನೀವು 'ಭರಣಿ ಮುಚ್ಚಳ ತೆಗೀತು ನೋಡಿ' ಅಂದ್ರಿ. ಮತ್ತೆ ಏನೂ ನೆನಪೇ ಬರ್ಲಿಲ್ಲ."

ಅಂದಿದ್ದೆನೆ? ಅಂದಿರಬೇಕು. ನನಗೆ ಅದು ನೆನಪೂ ಇರಲಿಲ್ಲ. ಆರು ನಿಮಿಷ ಎಂದು ಗಡಿಯಾರ ನೋಡಿ ಅಳೆದವನು ನಾನು, ಉಳಿದ ಹದಿನಾಲ್ಕು ನಿಮಿಷ ನುಂಗಿದವನೂ ನಾನೇ. ನನಗೆ ನಿಜಕ್ಕೂ ನಾಚಿಕೆಯಾಯಿತು.

"ಇಂಗ್ಲಿಷ್‌ನಲ್ಲಿ ಬೈದ್ರೆ ಪರ್ವಾಗಿಲ್ಲ ಸರ್," ಎಂದಳು. "ಅದು ಕ್ಲಾಸಲ್ಲೇ ಉಳಿಯತ್ತೆ. ಕನ್ನಡದಲ್ಲಿ ಬೈದ್ರೆ ಅಮ್ಮ ಬೈದ ಹಾಗೆ. ಹಾಸ್ಟೆಲ್ ರೂಮ್ ತನಕ ಬರತ್ತೆ."

ಮೇಡಂ ರೊಟ್ಟಿ ಡಬ್ಬಿ ತೆಗೆದು ಅವಳ ಮುಂದೆ ಇಟ್ಟರು. ಅವಳು ತಿನ್ನುತ್ತಿದ್ದಾಗ ನಾನು ಕೇಳಿದೆ: "ಇನ್ನೊಂದು ಸಲ ಮಾತಾಡ್ತೀಯಾ? ಪೂರ್ತಿ ಇಪ್ಪತ್ತು ನಿಮಿಷ. ನಾನು ಬಾಯಿ ಬಿಡಲ್ಲ." ಚಟ್ನಿಯ ಖಾರಕ್ಕೋ ಏನೋ, ಆಗಲಿ ಎಂಬಂತೆ ಬರೀ ತಲೆ ಆಡಿಸಿದಳು.

ಗುತ್ತಿಗೆ ಮುಂದುವರಿಸಿದ ಪತ್ರ ಮುಂದಿನ ವಾರವೇ ಬಂತು. ಡೀನ್ ಅಷ್ಟು ಮೆಚ್ಚಿದ್ದರು. ಸುಮಾ ಫೋನಿನಲ್ಲಿ, "ತಾರೀಖು ಹಾಕ್ಲಾ?" ಎಂದಳು. ನಾಳೆ ಹೇಳುತ್ತೇನೆ ಎಂದೆ. ಪತ್ರ ಕೈಯಲ್ಲಿದ್ದೂ ಇದೇನು ನಾಳೆ ಎಂದು ಅವಳು ರೇಗಿದಳು. ತಲೆಯಲ್ಲಿ ಏನೂ ಇಲ್ಲ ಎಂದು ಯಾರನ್ನು ಅಂದಿದ್ದೆನೋ ಅವಳ ತಲೆಯಿಂದಲೇ ಉಳಿದ ಕೆಲಸ ಅದು ಎಂದು ಹೆಂಡತಿಗೆ ಹೇಗೆ ಹೇಳುವುದು?

ಮರುದಿನ ಪ್ರೇರಣಾ ಮಾಸ್ಕ್ ತೆಗೆದಿಟ್ಟು ಎದ್ದು ನಿಂತಳು. ಗೇಟಿನ ರಿಜಿಸ್ಟರಿನ ಒಂದೊಂದೇ ಹೆಸರು ಹಿಡಿದು ಮಾತಾಡಿದಳು. ಹನ್ನೊಂದು ವರ್ಷದಿಂದ ದಿನಾ ಬೆಳಿಗ್ಗೆ ಏಳಕ್ಕೆ ಹೆಸರು ಬರೆದು ಒಳಗೆ ಬರುತ್ತಿದ್ದ ಒಬ್ಬ ಹೆಂಗಸಿನ ಹೆಸರನ್ನು ಕಾವಲಿನವರು ಎಷ್ಟು ಬಗೆಯಲ್ಲಿ ಬರೆದಿದ್ದಾರೆಂದು ತೋರಿಸಿದಳು. ಕಡೆಗೆ ಆ ಹೆಂಗಸು ಸ್ವತಃ ತನ್ನ ಹೆಸರು ಹೇಳುವುದನ್ನು ಕೇಳಿಸಿದಳು. ಇಪ್ಪತ್ತು ನಿಮಿಷ ಇಪ್ಪತ್ತೆಂಟಾಯಿತೆಂದು ಆಮೇಲೆ ಮೇಡಂ ಹೇಳಿದರು. ನಾನು ಗಡಿಯಾರ ನೋಡಲಿಲ್ಲ.

ಮುಗಿದಾಗ ತರಗತಿ ಚಪ್ಪಾಳೆ ತಟ್ಟಿ, ಅಭ್ಯಾಸಬಲದಿಂದ ನಮ್ಮಿಬ್ಬರ ಕಡೆ ತಿರುಗಿ ಕೂತಿತು. ಈಗ ಪ್ರಾಚೀನ ಭಾಷೆಯ ಮಹಾವಾದ ಶುರುವಾಗಬೇಕಿತ್ತು. ಮೇಡಂ ನನ್ನನ್ನು ನೋಡಿದರು. ನಾನು ಅವಳ ಮುಖ ನೋಡಿ, ಎಲ್ಲರಿಗೂ ಕೇಳುವ ಹಾಗೆ, ಕನ್ನಡದಲ್ಲೇ ಹೇಳಿದೆ:

"ತುಂಬಾ ಚೆನ್ನಾಗಿತ್ತು ಕಣಮ್ಮ. ನಾನೇ ಹೆಡ್ಡ."

ಅವಳ ಕಿವಿ ಕೆಂಪಾಯಿತು. ಮಾಸ್ಕ್ ಇಲ್ಲದ್ದರಿಂದ ನಗು ಎಲ್ಲರಿಗೂ ಕಂಡಿತು. ಕಬೀರ್ ತಡೆಯಲಾರದೆ ಬೆಂಚಿನಿಂದ ಮುಂದಕ್ಕೆ ಬಾಗಿ, "ಅರೇ, ಸರ್‌ ನೇ ಕ್ಯಾ ಬೋಲಾ? ಬತಾ ನಾ, ಟ್ರಾನ್ಸ್‌ಲೇಟ್ ಕರ್!" ಎಂದು ದುಂಬಾಲು ಬಿದ್ದ.

ಪ್ರೇರಣಾ ಕಾಗದಗಳನ್ನು ಜೋಡಿಸಿಕೊಳ್ಳುತ್ತಾ ಹೇಳಿದಳು: "ಕುಛ್ ನಹೀ ಯಾರ್. ಘರ್ ಕೀ ಬಾತ್ ಹೈ." ಏನಿಲ್ಲವಂತೆ, ಮನೆಯ ಮಾತಂತೆ.

ನಾನು ಹೊರಗೆ ವರಾಂಡಕ್ಕೆ ಬಂದು, ಹಾಲೆ ಮರದ ಘಾಟಿಗೆ ಎರಡು ಸಲ ಸೀನಿ, ಸುಮಾಗೆ ಫೋನ್ ಮಾಡಿ ತಾರೀಖು ಹಾಕು ಎಂದೆ.